ಹಸಿ ಹಿಟ್ಟಿನ ಲೋಟ

"ಪುಟ್ಟೀ, ನುಂಗೇ. ನುಂಗು."

ಮಗಳ ಕೆನ್ನೆಯ ಒಳಗೆ ಅವಳು ಸಕ್ಕರೆ ನೀರನ್ನು ಬೆರಳಿನಿಂದ ಸವರುತ್ತಿದ್ದಳು. ಮಗುವಿನ ಹಣೆ ಬೆವರಿ ತಣ್ಣಗಾಗಿತ್ತು. ಕಣ್ಣು ಅರ್ಧ ತೆರೆದು ಎಲ್ಲೋ ನೋಡುತ್ತಿತ್ತು. ಅತ್ತೆಯ ಫೋನು ಬಂದದ್ದೇ ಲಾಂಡ್ರಿಯಿಂದ ಓಡಿ ಬಂದ ಅವಳ ಒಂದು ಚಪ್ಪಲಿ ಮೆಟ್ಟಿಲ ಮೇಲೇ ಉಳಿದಿತ್ತು. ಅತ್ತೆ ಗೋಡೆಗೊರಗಿ, ಹೇಳಿದ ಹೊತ್ತಿಗೇ ಹಿಟ್ಟಿನ ನೀರು ಕುಡಿಸಿದೆ, ಒಂದು ತೊಟ್ಟೂ ಬಿಡದೆ ಕುಡಿದಳು ಎಂದು ಹೇಳಿದ್ದನ್ನೇ ಹೇಳುತ್ತಿದ್ದರು.

ಒಂದು ತೊಟ್ಟೂ ಬಿಡದೆ! ಅಲ್ಲೇ ಅವಳಿಗೆ ಅನುಮಾನ ಬಂತು. ಸುಣ್ಣದ ನೀರಿನ ಹಾಗಿದೆ ಎಂದು ಪುಟ್ಟಿ ದಿನಾ ರಂಪ ಮಾಡಿಯೇ ಅದನ್ನು ಕುಡಿಯುವವಳು.

ಈ ಮಗುವಿನ ಲಿವರ್ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟುಕೊಡುವುದಿಲ್ಲ. ಹುಟ್ಟಿದಾಗಿನಿಂದಲೂ ಹಾಗೇ. ಹೊಟ್ಟೆ ಖಾಲಿಯಾದರೆ ಪ್ರಾಣಕ್ಕೇ ಸಂಚಕಾರ. ಅದಕ್ಕೆ ಡಾಕ್ಟರು ಹೇಳಿದ್ದು ಕಾರ್ನ್‌ಫ್ಲೋರ್. ತಣ್ಣೀರಲ್ಲಿ ಕಲಸಿ ಹಸಿಯಾಗಿಯೇ ಕುಡಿಸಬೇಕು. ಹಸಿ ಹಿಟ್ಟು ನಿಧಾನವಾಗಿ ಅರಗಿ ಮುಂದಿನ ಲೋಟದವರೆಗೆ ಕಾಯುತ್ತದೆ. ಬೆಂದದ್ದು ಬೇಗ ಅರಗಿ ನಡುದಾರಿಯಲ್ಲೇ ಕೈಬಿಡುತ್ತದೆ. ಇಷ್ಟು ದಿನ ಅವಳೇ ಕಲಸುತ್ತಿದ್ದಳು. ಗಂಡ ಲಾರಿ ಹತ್ತಿದರೆ ಯಾವಾಗ ಬರುತ್ತಾನೋ ಗೊತ್ತಿಲ್ಲ. ಇನ್ನೂ ರಜೆ ಅಂದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಲಾಂಡ್ರಿ ಮಾಲೀಕ ಹೇಳಿ ಕಳಿಸಿದ್ದ. ಇವತ್ತೇ ಮೊದಲ ಸಲ ಲೋಟ ಅತ್ತೆಯ ಕೈಗೆ ಹೋಗಿತ್ತು.

ಅವಳು ಒಲೆಯ ಕಡೆ ನೋಡಿದಳು. ಪಾತ್ರೆಯ ತಳದಲ್ಲಿ ಗಾಜಿನ ಹಾಗೆ ಹೊಳೆಯುವ ಗಂಜಿ. ಕಾಲರುಗಳು ಸೆಟೆದು ನಿಲ್ಲಲಿ ಎಂದು ಲಾಂಡ್ರಿಯಲ್ಲಿ ಅವಳು ಕಾಯಿಸುವ ಅದೇ ಗಂಜಿ.

"ಬೇಯಿಸಿದ್ರಾ?"

ಅತ್ತೆ ಜೀವಮಾನವೆಲ್ಲ ಹಾಸ್ಟೆಲಿನ ಅಡುಗೆಮನೆಯಲ್ಲಿ ಸೌಟು ತಿರುವಿದವರು. "ಹಸಿ ಹಿಟ್ಟನ್ನ ಮಗು ಬಾಯಿಗೆ ಹೆಂಗೆ ಹಾಕ್ಲೇ? ನಾಯಿಗೂ ಬೇಯಿಸ್ದೆ ಹಾಕಿದವಳಲ್ಲ ನಾನು. ಒಂದು ಕುದಿ ಬರಿಸ್ದೆ, ಅಷ್ಟೇ."

"ಮಗೂನ ಕೊಂದೇ ಬಿಡ್ತಿದ್ರಿ."

ಇದಕ್ಕಿಂತ ಕೆಟ್ಟದ್ದನ್ನೂ ಅಂದಳು. ಅವರ ಕೈರುಚಿಗೆ ಬೆಂಕಿ ಬೀಳಲಿ ಎಂದಳು. ಒಂದಕ್ಕೆ ಹತ್ತು ಆಡುವ ಹೆಂಗಸು ಇವತ್ತು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಕೊನೆಗೆ ಮಗುವಿನ ಗಂಟಲು ಅಲುಗಿತು. ಇನ್ನೊಂದು ಗುಟುಕು ಇಳಿಯಿತು. ಕಣ್ಣು ಬಂದು ಅಮ್ಮನ ಮುಖದ ಮೇಲೆ ನಿಂತಿತು. ಎತ್ತಿಕೊಂಡು ಆಸ್ಪತ್ರೆಗೆ ಓಡುವಾಗ ಹೆಗಲ ಮೇಲಿಂದ ಪುಟ್ಟಿ ಸಣ್ಣ ದನಿಯಲ್ಲಿ ಅಂದದ್ದು ಇಷ್ಟು: "ಅಜ್ಜಿ ಮಾಡಿದ್ದೇ ಚೆನ್ನಾಗಿತ್ತು."

ಡಾಕ್ಟರು ಬೈದು, ಸಂಜೆಗೆ ಮನೆಗೆ ಕಳಿಸಿದರು.

ಬೆಳಿಗ್ಗೆ ಲಾಂಡ್ರಿಯಿಂದ ಫೋನು. ಇವತ್ತು ಬರದಿದ್ದರೆ ಇನ್ನು ಬರುವುದೇ ಬೇಡ. ಅವಳು ಬಾಗಿಲಲ್ಲಿ ನಿಂತಳು. ಮಗುವನ್ನು ಹೊತ್ತುಕೊಂಡು ಹೋಗುವಂತಿಲ್ಲ, ಬಿಟ್ಟು ಹೋಗಲು ಕಾಲು ಬರುತ್ತಿಲ್ಲ. ಬೇರೆ ಯಾರೂ ಇಲ್ಲ.

ಅತ್ತೆ ಒಳಗಿಂದ ಬಂದು ಒಲೆಯ ಲೈಟರನ್ನೂ ಬೆಂಕಿಪೊಟ್ಟಣವನ್ನೂ ಅವಳ ಚೀಲಕ್ಕೆ ಹಾಕಿದರು.

"ನಿನ್ನ ಹತ್ರಾನೇ ಇರಲಿ. ನಂಗೆ ತಂಗಳು ಸಾಕು."

ಅವಳು ಚೀಲವನ್ನು ಹೆಗಲಿಗೇರಿಸಿದಳು. ಮೆಟ್ಟಿಲಿಳಿದು ಬೀದಿಗೆ ಬಂದರೂ ಕಾಲು ಮುಂದೆ ಹೋಗದೆ ಕಿಟಕಿಯ ಕೆಳಗೇ ನಿಂತಳು. ಮೇಲಿಂದ ಸ್ಟೀಲಿನ ಲೋಟಕ್ಕೆ ಚಮಚ ತಾಗುವ ಸದ್ದು ಕೇಳುತ್ತಿತ್ತು. ಕುಡಿಸುವ ಹೊತ್ತು ಇನ್ನೂ ಆಗಿರಲಿಲ್ಲ. ಕೈ ನಿಂತರೆ ತಣ್ಣೀರಲ್ಲಿ ಹಿಟ್ಟು ತಳಕ್ಕೆ ಕೂರುತ್ತದೆ. ಸದ್ದು ನಿಲ್ಲಲಿಲ್ಲ.