ಮನೆಗಿಂತ ಮೊದಲು ದಾರಿ ಮುಳುಗುತ್ತದೆ

ಮಳೆಗಾಲ ಬಂತೆಂದರೆ ನಾಸಿಕ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಮಾತು ತಪ್ಪುವುದಿಲ್ಲ. "ಮಾರುತಿಗೆ ನೀರು ಎಲ್ಲಿತನಕ ಬಂತು?" ಊರಿನಲ್ಲಿರುವ ಬೀಗರು ಬೀದರದಿಂದ ಫೋನ್ ಮಾಡಿದರೂ ಮೊದಲು ಇದನ್ನೇ ಕೇಳುತ್ತಾರೆ. ಆರೋಗ್ಯ ವಿಚಾರಿಸುವುದು ಆಮೇಲೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾಸಿಕದ ಗೋದಾವರಿ ಘಾಟಿನಲ್ಲಿ ಎರಡು ಮುಖದ ಎತ್ತರದ ಮಾರುತಿ ನಿಂತಿದ್ದಾನೆ. ದುತೋಂಡ್ಯಾ ಮಾರುತಿ ಎಂದು ಅವನ ಹೆಸರು. ನೀರು ಅವನ ಮೊಣಕಾಲಿಗೆ ಬಂದರೆ ಸಣ್ಣ ನೆರೆ, ಸೊಂಟಕ್ಕೆ ಬಂದರೆ ದೊಡ್ಡದು, ಎದೆ ಮುಟ್ಟಿದರೆ ಪೇಟೆಯವರು ಸಾಮಾನು ಎತ್ತಬೇಕು. ಹಳೆಯ ಲೆಕ್ಕ, ಒಳ್ಳೆಯ ಲೆಕ್ಕ. ಆದರೆ ಅದು ನಾಸಿಕ ಪೇಟೆಯ ಲೆಕ್ಕ.

ಗುರುಲಿಂಗಪ್ಪನವರು ಇರುವುದು ನಾಸಿಕದಲ್ಲಲ್ಲ. ನದಿ ನಾಸಿಕ ದಾಟಿ ನಿಫಾಡದ ಕಡೆ ಇಳಿಯುವಲ್ಲಿ ಕರಂಜವಾಡಿ ಎಂಬ ಹಳ್ಳಿ. ಅಲ್ಲಿ ಹೊಳೆಯ ದಂಡೆಯ ಕೇರಿಯಲ್ಲಿ ಅವರ ಮನೆ. ಭಾಲ್ಕಿ ಕಡೆಯವರು. ಲಾಸಲಗಾಂವ್‌ನ ಈರುಳ್ಳಿ ವ್ಯಾಪಾರಿಗಳಿಗೆ ಖಾಲಿ ಚೀಲ ಪೂರೈಸುವುದು ಅವರ ದಂಧೆ. ಹೆಂಡತಿ ಮಂಜುಶ್ರೀ, ತಾಯಿ ಚನಬಸವ್ವ. ತಾಯಿಗೆ ಎಪ್ಪತ್ತಾರು ವರ್ಷ. ಜೂನ್ ತಿಂಗಳಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದು ಆಪರೇಶನ್ ಆಗಿತ್ತು. ಮೇಲಾಗಿ ಹಳೆಯ ದಮ್ಮು. ಹೊರಸಿನಿಂದ ಏಳಬೇಕೆಂದರೆ ಇಬ್ಬರು ಹಿಡಿಯಬೇಕು.

ಆಗಸ್ಟ್ ತಿಂಗಳ ಒಂದು ಸೋಮವಾರ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ನಾಸಿಕದಲ್ಲಿರುವ ಮಂಜುಶ್ರೀಯ ತಮ್ಮ ವಿನಯ ಬೆಳಿಗ್ಗೆ ಹತ್ತಕ್ಕೆ ಮಾರುತಿಯ ಫೋಟೊ ಕಳಿಸಿದ. ನೀರು ಮೊಣಕಾಲಿಗೂ ಮುಟ್ಟಿರಲಿಲ್ಲ. ಗುರುಲಿಂಗಪ್ಪ ಫೋಟೊ ನೋಡಿ ನಿಶ್ಚಿಂತೆಯಿಂದ ಎರಡನೇ ಕಪ್ ಚಹಾ ಕೇಳಿದರು.

ಅಷ್ಟರಲ್ಲಿ ಜಯಮಾಲಾ ಬಂದಳು. ಕಲಬುರಗಿ ಕಡೆಯ ಹೆಣ್ಣುಮಗಳು, ಊರೊಳಗೆ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಹೋದ ವರ್ಷ ಆಪದಾ ಮಿತ್ರ ತರಬೇತಿ ತೆಗೆದುಕೊಂಡವಳು. ಹೊಳೆ ಬಂದಾಗ ಮನೆಮನೆಗೆ ಸುದ್ದಿ ಮುಟ್ಟಿಸುವುದು, ಜನರನ್ನು ಸಾಗಿಸುವುದು ಅವಳ ಪಾಲಿನ ಕೆಲಸ.

"ಅಣ್ಣಾರ, ಆಯಿನ ಸಾಲಿಗೆ ಕರಕೊಂಡು ಹೋಗೂಣು. ಹನ್ನೆರಡರೊಳಗ ಹೊಂಡಬೇಕು," ಎಂದಳು. ಊರ ಮೇಲಿನ ದಿಬ್ಬದಲ್ಲಿರುವ ಶಾಲೆಯಲ್ಲಿ ಇರಲು ವ್ಯವಸ್ಥೆ ಮಾಡಿದ್ದರು.

ಗುರುಲಿಂಗಪ್ಪ ಫೋನ್ ಮುಂದೆ ಹಿಡಿದರು. "ಇದನ್ನ ನೋಡವ್ವ. ಮಾರುತಿಗೆ ಇನ್ನಾ ಮೊಣಕಾಲಿಗಿ ನೀರಿಲ್ಲ. ಸೊಂಟಕ್ಕ ಬರ್ಲಿ, ಆಮ್ಯಾಲ ನೋಡೂಣು."

"ಮಾರುತಿ ಸುಳ್ಳ ಹೇಳಂಗಿಲ್ಲ ಅಣ್ಣಾರ. ಆದ್ರ ಆತ ನಾಸಿಕದ ಸುದ್ದಿ ಹೇಳ್ತಾನ. ನಾಸಿಕ ದಾಟಿದ ಮ್ಯಾಲ ದಾರಣಾ ಹೊಳಿ ಬಂದು ಕೂಡ್ತದ. ಆ ನೀರ ಮಾರುತಿ ಎಂದೂ ನೋಡೇ ಇಲ್ಲ. ದಾರಣಾ ಡ್ಯಾಮಿನ ಬಾಗಲ ನಸಕಿನ್ಯಾಗೇ ಮತ್ತ ಎತ್ಯಾರ. ನಮ್ಮ ಊರ ಲೆಕ್ಕಿಗ ತಲಾಠಿ ಸಾಹೇಬ್ರು ವಾಟ್ಸಾಪ್ ಗ್ರೂಪಿನ್ಯಾಗ ಹಾಕ್ಯಾರ. ಅದು ಮಧ್ಯಾಹ್ನಕ್ಕ ಇಲ್ಲಿ ಬರ್ತದ."

ಗುರುಲಿಂಗಪ್ಪ ಒಪ್ಪುವ ಆಳಲ್ಲ. ಅವರ ಮಾತಿನಲ್ಲೂ ನಿಜವಿತ್ತು. "ನಾವು ಈ ಮನಿಗೆ ಬಂದು ಆರು ವರ್ಷಾಯ್ತು. ಒಮ್ಮೀನೂ ಹೊಸ್ತಿಲ ದಾಟಿ ನೀರು ಬಂದಿಲ್ಲ. ಮನಿ ಎತ್ತರದ ಮ್ಯಾಲ ಅದ. ಮುದುಕೀನ ಈ ಮಳ್ಯಾಗ ಯಾಕ ಒದ್ದ್ಯಾಡಿಸ್ಬೇಕು?"

ಜಯಮಾಲಾ ಹೊರಸಿನ ಹತ್ತಿರ ಕೂತಳು. ವಾದಕ್ಕೆ ಬಂದವಳಂತೆ ಅಲ್ಲ, ಗಿರಣಿಯಲ್ಲಿ ಸರದಿ ಕಾಯುವವರ ಹತ್ತಿರ ಮಾತಾಡಿದಂತೆ ಮಾತಾಡಿದಳು.

"ಹೊಳಿ ಸೇತುವಿನ ಕಂಬದ ಮ್ಯಾಲ ಬಣ್ಣದ ಅಳತಿ ಬರದದ್ದು ನೋಡೀರಿಲ್ಲೋ. ಅದ್ರಾಗ ಎರಡ ಗುರ್ತು ಅವ. ಕೆಳಗಿಂದು ಇಶಾರಾ ಪಾತಳಿ, ಅಂದ್ರ ಎಚ್ಚರಿಕಿ ಮಟ್ಟ. ಮ್ಯಾಲಿಂದು ಧೋಕಾ ಪಾತಳಿ, ಅಪಾಯದ ಮಟ್ಟ. ಮುಂಜಾನಿ ಎಂಟಕ್ಕ ನೋಡಿದಾಗ ಎಚ್ಚರಿಕಿಗಿ ಎರಡೂವರಿ ಫೂಟ್ ಕಡಿಮಿ ಇತ್ತು. ಈಗ ಒಂದೂವರಿ ಅದ. ತಾಸಿಗಿ ಅರ್ಧ ಫೂಟ್ ಏರ್ಲತದ."

"ಏರ್ಲಿ. ನಮ್ಮ ಮನಿ ಅಪಾಯದ ಗುರ್ತಕ್ಕಿಂತ ಮ್ಯಾಲೇ ಅದ ಅಲ್ಲ?"

"ಅದ. ಇಲ್ಲ ಅನ್ನಂಗಿಲ್ಲ. ಆ ಗುರ್ತು ಮನಿಗಷ್ಟೇ ಅಲ್ಲ ಅಣ್ಣಾರ."

ಹೊರಸಿನ ಮೇಲಿಂದ ಕೇಳುತ್ತಿದ್ದ ಚನಬಸವ್ವ ಆಗ ಬಾಯಿ ಬಿಟ್ಟಳು. ಅವಳ ತವರು ಮಾಂಜ್ರಾ ನದಿಯ ದಂಡೆ. "ಗುರು, ಮನಿ ಮಾತು ಬಿಡೋ. ದಾರಿ ಎಲ್ಲಿ ಮುಳುಗ್ತದ ಅಂತ ಕೇಳು."

ಗುರುಲಿಂಗಪ್ಪ ತಾಯಿಯ ಮುಖ ನೋಡಿದರು. ಆರು ವರ್ಷದಲ್ಲಿ ಈ ಪ್ರಶ್ನೆ ಅವರ ತಲೆಗೆ ಬಂದಿರಲಿಲ್ಲ.

"ಅದನ್ನೇ ಹೇಳಾಕ ಬಂದೀನಿ ಆಯಿ," ಎಂದಳು ಜಯಮಾಲಾ. "ನಿಮ್ಮ ಕೇರಿಗೂ ಊರಿಗೂ ನಡುವ ನಾಲಾ ಅದ, ಅದರ ಮ್ಯಾಲ ಸಣ್ಣ ಮೋರಿ. ಹೊಳಿ ಎಚ್ಚರಿಕಿ ಮಟ್ಟಕ್ಕ ಬರೂದ್ರೊಳಗ ಘಾಟಿನ ಪಾವಟಿಗಿ, ದಂಡಿ ಮ್ಯಾಲಿನ ಹೊಲ ಹೋಗ್ತಾವ. ಎಚ್ಚರಿಕಿ ಮಟ್ಟಕ್ಕ ಬಂದ್ರ ಹೊಳಿ ನಾಲಾದಾಗ ಹೊಳ್ಳಿ ನುಗ್ಗಿ ಮೋರಿ ಮುಳುಗಿಸ್ತದ. ಅಪಾಯದ ಮಟ್ಟಕ್ಕ ಬಂದ್ರ ಕೆಳಗಿನ ಓಣಿ ಮನಿಗೋಳಿಗಿ ನೀರು. ನಿಮ್ಮ ಮನಿ ಎಲ್ಲಾದಕ್ಕಿಂತ ಕಡೀಕ. ಆದ್ರ ಮೋರಿ ಮುಳುಗಿದ್ರ ನೀವು ಒಣಗಿದ ಮನ್ಯಾಗೇ ಸಿಕ್ಕೊಂಡ್ರಿ."

"ಮಾಂಜ್ರಾನೂ ಹಂಗೇ," ಎಂದಳು ಚನಬಸವ್ವ. "ಹೊಳಿ ಮನಿಗಿ ಎದುರಿಂದ ಬರಂಗಿಲ್ಲ, ಹಳ್ಳದ ಕೂಡ ಹಿಂದಿಂದ ಬರ್ತದ."

"ಹೋದ ಸಲನೂ ಮೋರಿ ಮುಳುಗಿತ್ತು," ಎಂದರು ಗುರುಲಿಂಗಪ್ಪ. "ಒಂದಿನ ಮನ್ಯಾಗ ಕೂತು ಉಂಡಿವಿ. ಏನಾಯ್ತು?"

ಇದಕ್ಕೆ ಮಂಜುಶ್ರೀ ಉತ್ತರ ಕೊಟ್ಟಳು. ಗಂಡನಿಗೆ ಎದುರು ಮಾತಾಡುವವಳಲ್ಲ, ಅಂದು ಮಾತಾಡಿದಳು. "ಆಗ ಅತ್ತ್ಯಾರು ತಮ್ಮ ಕಾಲ ಮ್ಯಾಲ ನಡೀತಿದ್ರರಿ. ಈಗ ದಮ್ಮು ಹತ್ತಿದ್ರ ಏನ ಮಾಡ್ತೀರಿ? ಬೆನ್ನ ಮ್ಯಾಲ ಹೊತ್ಕೊಂಡು ನಾಲಾ ದಾಟ್ತೀರೇನು? ಊರು ಕೊಳ್ಳಿ ಹೊಡದ ಮ್ಯಾಲ ಕ್ವಾಟಿ ಬಾಗಲ ಹಾಕಿದ್ರಂತ."

ಗುರುಲಿಂಗಪ್ಪನವರಿಗೆ ಸಿಟ್ಟು ಬಂತು. ಮಾತಿನಲ್ಲಿ ಸೋತವರಿಗೆ ಬರುವ ಸಿಟ್ಟು ಅದು. ಕೊನೆಯ ನೆಪವಾಗಿ, ಅವ್ವನ ಪೂಜೆ ಇನ್ನೂ ಆಗಿಲ್ಲ, ಅವಳು ಪೂಜೆ ಬಿಟ್ಟು ಮನೆ ಬಿಡುವವಳಲ್ಲ ಎಂದರು.

ಚನಬಸವ್ವ ಕೊರಳಿನ ಕರಡಿಗೆ ಮುಟ್ಟಿಕೊಂಡಳು. "ನನ್ನ ಲಿಂಗ ನನ್ನ ಕೊಳ್ಳಾಗ ಅದ. ಸಾಲ್ಯಾಗ ಕೂತು ಪೂಜಿ ಮಾಡ್ತೀನಿ. ನಡೀ, ಹೊರಸು ಎತ್ತು."

ಅಲ್ಲಿಗೆ ವಾದ ಮುಗಿಯಿತು. ಚೀಲ ಸಾಗಿಸುವ ಟೆಂಪೊದಲ್ಲೇ ಖಾಲಿ ಚೀಲ ಹಾಸಿ, ಮೇಲೆ ಕೌದಿ ಹಾಸಿ, ಮುದುಕಿಯನ್ನು ಮಲಗಿಸಿದರು. ಅವಳ ಮಾತ್ರೆ, ದಮ್ಮಿನ ಪಂಪು, ಆಪರೇಶನ್ ಕಾಗದ, ಆಧಾರ್ ಕಾರ್ಡು, ರೇಶನ್ ಕಾರ್ಡು, ಎಲ್ಲವನ್ನೂ ಮಂಜುಶ್ರೀ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡಳು. ಜಯಮಾಲಾ ಹೇಳಿದಂತೆ ಕರೆಂಟಿನ ಮೇನ್ ತೆಗೆದರು. ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಯನ್ನು ಪಕ್ಕದ ಮನೆಯವರ ದನಗಳ ಜೊತೆ ದಿಬ್ಬಕ್ಕೆ ಹೊಡೆದರು. ಇಷ್ಟಕ್ಕೆಲ್ಲ ಮುಕ್ಕಾಲು ತಾಸು ಹಿಡಿಯಿತು. ಓಡಬಲ್ಲವರಿಗೆ ಐದು ನಿಮಿಷ ಸಾಕು, ಹೊರಸಿನ ಮೇಲಿರುವವರಿಗೆ ಸಾಲದು.

ಹನ್ನೆರಡಕ್ಕೆ ಕಾಲು ತಾಸು ಇರುವಾಗ ಟೆಂಪೊ ಮೋರಿಯ ಮೇಲೆ ಬಂತು. ಗುರುಲಿಂಗಪ್ಪ ಗಾಡಿ ನಿಧಾನ ಮಾಡಿ ಕೆಳಗೆ ನೋಡಿದರು. ನಾಲಾದ ನೀರು ಹೊಳೆಯ ಕಡೆ ಹೋಗುತ್ತಿರಲಿಲ್ಲ. ಹೊಳೆಯ ಕಡೆಯಿಂದ ಊರಿನ ಕಡೆ ಬರುತ್ತಿತ್ತು. ಕಬ್ಬಿನ ರವದಿ, ನೊರೆ, ಯಾರದೋ ಒಂದು ಚಪ್ಪಲಿ ಮೇಲ್ಮುಖವಾಗಿ ತೇಲಿ ಬರುತ್ತಿದ್ದವು. ಮೋರಿಯ ಅಂಚಿಗೆ ಒಂದು ಗೇಣು ಮಾತ್ರ ಉಳಿದಿತ್ತು. ಅವರಿಗೆ ನಿಜಕ್ಕೂ ಹೆದರಿಕೆಯಾಯಿತು. ಗಾಡಿ ಮುಂದೆ ಹೊಡೆದರು.

ಒಂದು ಗಂಟೆಯ ಹೊತ್ತಿಗೆ ಮೋರಿ ಕಾಣದಂತಾಯಿತು. ಸಂಜೆ ನಾಲ್ಕಕ್ಕೆ ಅಲ್ಲಿ ಆಳುದ್ದ ನೀರು. ಕೆಳಗಿನ ಓಣಿಯ ಹದಿನೇಳು ಮನೆಗಳಿಗೆ ನೀರು ಹೊಕ್ಕಿತು. ವಿನಯ ಸಂಜೆ ಕಳಿಸಿದ ಫೋಟೊದಲ್ಲಿ ಮಾರುತಿಗೆ ನೀರು ಸೊಂಟದ ತನಕವೂ ಬಂದಿರಲಿಲ್ಲ.

ಗುರುಲಿಂಗಪ್ಪನವರ ಮನೆಗೆ ಮಾತ್ರ ನೀರು ಹೋಗಲಿಲ್ಲ. ಆ ಕಡೆ ಉಳಿದಿದ್ದ ನೆರೆಯವರು ಫೋನಿನಲ್ಲಿ ಹೇಳಿದರು, ನೀರು ಎರಡನೇ ಮೆಟ್ಟಿಲಿಗೆ ಬಂದು ನಿಂತಿದೆ ಎಂದು. ಇದನ್ನು ಕೇಳಿದ್ದೇ ತಡ, ಅವರಿಗೆ ಮತ್ತೆ ಜೀವ ಬಂತು. "ನಾ ಹೇಳಿದ್ದಿಲ್ಲೇನು? ಮನಿ ಒಣಗಿ ನಿಂತದ. ನಾವಿಲ್ಲಿ ಸಾಲಿ ಫರಸಿ ಮ್ಯಾಲ ಮಲಗೀವಿ." ಶಾಲೆಯಲ್ಲಿದ್ದ ಎಲ್ಲರಿಗೂ ಇದನ್ನು ಎರಡೆರಡು ಸಲ ಹೇಳಿದರು. ಜಯಮಾಲಾ ನಕ್ಕು ಅವರ ತಾಟಿಗೆ ಇನ್ನಷ್ಟು ಖಿಚಡಿ ಬಡಿಸಿದಳು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಚನಬಸವ್ವನಿಗೆ ದಮ್ಮು ಹತ್ತಿತು. ಪಂಪು ಹೊಡೆದರೂ ಇಳಿಯಲಿಲ್ಲ. ತುಟಿ ಕಪ್ಪಿಟ್ಟವು. ಮಾತಾಡಲು ಬಾಯಿ ತೆರೆದರೆ ಮಾತು ಹೊರಡಲಿಲ್ಲ. ಮಗನ ಕೈ ಹಿಡಿದುಕೊಂಡಳು, ಅಷ್ಟೆ. ಶಾಲೆಯಲ್ಲಿದ್ದ ನರ್ಸಬಾಯಿ ಓಡಿ ಬಂದು ನೋಡಿ, ೧೦೮ಕ್ಕೆ ಫೋನ್ ಮಾಡಿದಳು. ಇಪ್ಪತ್ತು ನಿಮಿಷದಲ್ಲಿ ಆಂಬುಲೆನ್ಸ್ ಶಾಲೆಯ ಬಾಗಿಲಿಗೆ ಬಂತು. ಅದರಲ್ಲೇ ಆಕ್ಸಿಜನ್ ಹಚ್ಚಿ ನಿಫಾಡದ ಆಸ್ಪತ್ರೆಗೆ ಒಯ್ದರು.

ಆಸ್ಪತ್ರೆಯ ಡಾಕ್ಟರು ಮರಾಠಿಯಲ್ಲಿ ಹೇಳಿದ್ದು ಇಷ್ಟು. ವೇಳೆಗೆ ತಂದಿರಿ, ಇನ್ನೊಂದು ತಾಸು ತಡವಾಗಿದ್ದರೆ ನನ್ನಿಂದ ಏನೂ ಹೇಳಲಾಗುತ್ತಿರಲಿಲ್ಲ.

ಗುರುಲಿಂಗಪ್ಪ ಹೊರಗಿನ ಬೆಂಚಿನ ಮೇಲೆ ಕೂತರು. ಜೊತೆಗೆ ಬಂದಿದ್ದ ಜಯಮಾಲಾ ಪಕ್ಕದಲ್ಲಿದ್ದಳು. ಅವಳನ್ನು ಕೇಳಿದರು, "ಮೋರಿ ಮ್ಯಾಲಿನ ನೀರು ಇಳದದೇನವ್ವ?"

"ಇಲ್ಲ ಅಣ್ಣಾರ. ಇನ್ನಾ ಎದಿಮಟ ಅದ. ನಾಳಿಗಿ ಇಳೀಬಹುದು."

"ಬೋಟು?"

"ನಮ್ಮ ಕಡಿ ನಾಕ ಊರಿಗಿ ಒಂದೇ ಬೋಟು. ಅದು ಮುಂಜಾನಿಂದ ಬ್ಯಾರೆ ಊರಾಗ ಅದ."

ಅವರು ಮುಖ ಮುಚ್ಚಿಕೊಂಡರು. ಆರು ವರ್ಷ ಹೊಸ್ತಿಲನ್ನೇ ನೋಡುತ್ತ ಕೂತಿದ್ದೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು, ಅಳುವೂ ಬಂತು. "ಒಣಗಿದ ಮನ್ಯಾಗೇ ನಮ್ಮವ್ವನ್ನ ಕಳಕೋತಿದ್ದೆ," ಎಂದರು. ಜಯಮಾಲಾ ನೀರಿನ ಬಾಟಲಿ ಮುಂದೆ ಹಿಡಿದಳು.

ಚನಬಸವ್ವ ಆರನೇ ದಿನ ಮನೆಗೆ ಬಂದಳು. ಮರುವಾರ ಗುರುಲಿಂಗಪ್ಪ ತಾವೇ ಕೇರಿಯವರನ್ನು ಕರೆದು ಪಟ್ಟಿ ಮಾಡಿಸಿದರು. ಯಾರ ಮನೆಯಲ್ಲಿ ನಡೆಯಲಾಗದವರು ಇದ್ದಾರೆ, ಯಾರು ದಿನ ತುಂಬಿದ ಬಸುರಿ, ಯಾರು ಅವರನ್ನು ಎತ್ತುವವರು, ಯಾವ ಗಾಡಿ. ಸೇತುವೆಯ ಅಳತೆಯಲ್ಲಿ ನೀರು ಎಚ್ಚರಿಕೆ ಮಟ್ಟಕ್ಕೆ ಒಂದೂವರೆ ಫೂಟು ಕಡಿಮೆ ಇರುವಾಗಲೇ ಇವರೆಲ್ಲ ಹೊರಡಬೇಕೆಂದು ಠರಾವಾಯಿತು. ಒಬ್ಬ ಹಿರಿಯರು ಅದು ಬಹಳ ಬೇಗವಾಯಿತು ಎಂದರು. ಅವರೊಂದಿಗೆ ಅಂದು ಎಲ್ಲರಿಗಿಂತ ಜೋರಾಗಿ ವಾದ ಮಾಡಿದವರು ಗುರುಲಿಂಗಪ್ಪನವರೇ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆ ಎತ್ತರದಲ್ಲಿದೆ, ಸರಿ. ಆದರೆ ನಿಮ್ಮ ಮನೆಯಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಯಾವುದು? ಸೇತುವೆಯ ಮೇಲಿನ ಯಾವ ಗುರುತಿಗೆ ನೀರು ಬಂದರೆ ಅದು ಮುಳುಗುತ್ತದೆ? ತಲಾಠಿಯನ್ನು ಕೇಳಿ, ಗ್ರಾಮ ಪಂಚಾಯಿತಿಯನ್ನು ಕೇಳಿ, ಜಿಲ್ಲೆಯ ವಿಪತ್ತು ಸಹಾಯವಾಣಿ ೧೦೭೭ಕ್ಕೆ ಫೋನ್ ಮಾಡಿ ಕೇಳಿ. ಬೇರೆ ಊರಿನ ನೀರಿನ ಫೋಟೊ ನೋಡಿ ನಿಮ್ಮ ಊರಿನ ನಿರ್ಧಾರ ಮಾಡಬೇಡಿ. ರಸ್ತೆಯ ಮೇಲೆ ನೀರು ಹರಿಯತೊಡಗಿದ ಮೇಲೆ ದಾಟುವ ಸಾಹಸ ಮಾಡಲೇಬೇಡಿ, ಮೊಣಕಾಲುದ್ದದ ಹರಿವೂ ಮನುಷ್ಯನನ್ನು ಕೆಡವುತ್ತದೆ. ಮತ್ತು ಇವತ್ತೇ, ಹೊಳೆ ಇಳಿದಿರುವಾಗಲೇ, ನಿಮ್ಮ ಮನೆಯಲ್ಲಿ ಓಡಲಾಗದವರ ಪಕ್ಕ ಒಂದು ನಿಮಿಷ ಕೂತು ಯೋಚಿಸಿ. ಇವರನ್ನು ಎತ್ತಿ ಆ ತಗ್ಗು ದಾಟಿಸಲು ನನಗೆ ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ಮುಂಚೆ ಹೊರಡಿ.