ನಾಲ್ಕು ಬೆರಳಿನ ಜಾಗ

ಇಲಿಬೋನು, ಅಂದ ಮುದುಕ ಕಾರ್ಪಿನೆನ್, ಬಾಯಿಂದ ತೆಗೆದ ಪೈಪಿನ ತುದಿ ನಾನು ಕಟ್ಟುತ್ತಿರುವ ಆವಿಸ್ನಾನದ ಮನೆಯ ಬಾಗಿಲಿನ ನೆತ್ತಿಯತ್ತ ಚಾಚಿದೆ, ಅದರ ಬಾಯಲ್ಲಿ ಇನ್ನೂ ಸಣ್ಣ ಹೊಗೆ, ಇದು ಸೌನಾ ಅಲ್ಲ ಕಣೋ ಹುಡುಗ, ಇಲಿಬೋನು, ನಿಮ್ಮಕ್ಕನ್ನ ಹೆರಿಗೆಗೆ ಅಂತ ಒಳಗೆ ಮಲಗಿಸಿ ಬಾಗಿಲು ಹಾಕು, ಆಮೇಲೆ ಗೋಡೆ ಕಡಿದು ಈಚೆಗೆ ಎಳೀಬೇಕಾಗತ್ತೆ, ಬಾಗಿಲ ಮೇಲೆ ಜಾಗ ಬಿಡಬೇಕು ಅಂತ ಹೇಳಿಕೊಡೋಕೆ ನಿನಗೊಬ್ಬ ಅಪ್ಪ ಅನ್ನೋನು ಇರಲಿಲ್ವೇನೋ — ಇಷ್ಟು ಜನರ ಮುಂದೆ, ಚಾವಣಿಯ ನೆತ್ತಿಯ ತೊಲೆ ಎತ್ತಲು ಬಂದ ಕಮ್ಮಾರ ವಿಲ್ಯಮಿಯ ಮುಂದೆ, ತನ್ನದೇ ಇಬ್ಬರು ಆಳುಗಳ ಮುಂದೆ, ಹುರಿದ ರೈ ಕಾಳಿನ ಕಾಫಿಯ ಪಾತ್ರೆಯನ್ನು ಹೊಟ್ಟೆಗೆ ಆನಿಸಿಕೊಂಡು ನಿಂತ ಅಕ್ಕನ ಮುಂದೆ. ವಿಲ್ಯಮಿ ನಕ್ಕ, ಕಾಫಿ ಮೂಗಿಗೆ ಹತ್ತಿ ಕೆಮ್ಮಿದ, ಆಳುಗಳು ನಕ್ಕರು, ಆಮೇಲೆ ನಗು ತಾನಾಗಿ ನಿಂತಿತು, ಯಾಕೆಂದರೆ ನನ್ನ ಬಲಗೈಯಲ್ಲಿ ಕೊಡಲಿ ಇದೆ, ಎಲ್ಲರೂ ಅದನ್ನೇ ನೋಡುತ್ತಿದ್ದಾರೆ, ನನ್ನ ಮುಖವನ್ನು ಯಾರೂ ನೋಡುತ್ತಿಲ್ಲ. ಕೈಗೆ ಅಂಟಿದ ರಾಳ, ಕೊಡಲಿಯ ಹಿಡಿ ಚರ್ಮಕ್ಕೇ ಅಂಟಿಕೊಂಡ ಹಾಗಿದೆ, ಬಿಡು ಅಂದರೂ ಬಿಡುವುದಿಲ್ಲ, ಅಪ್ಪ ಇರಲಿಲ್ವೇನೋ, ಇದ್ದ ಕಣೋ ಮುದುಕ, ಇದ್ದ, ನಿನಗಿಂತ ಒಂದು ಗೇಣು ಎತ್ತರ ಇದ್ದ, ಅವನ ಒಂದು ಕೈ — ಬಾಗಿಲ ಮೇಲೆ ಒಂದು ಕೈ, ಯಾವಾಗಿನದು ಇದು, ಬೇಡ, ಈಗ ಬೇಡ. ಮಾರ್ಚ್ ತಿಂಗಳ ಗಟ್ಟಿ ಹಿಮದ ಮೇಲೆ ಒಬ್ಬನೇ ನಿಂತು ನಲವತ್ತೆಂಟು ಪೈನ್ ಮರ ಕಡಿದವನು ನಾನು, ತೊಗಟೆ ಸುಲಿದವನು ನಾನು, ಮೂಲೆಮೂಲೆಗೂ ಕಚ್ಚು ಕೊರೆದು ದಿಮ್ಮಿಯ ಮೇಲೆ ದಿಮ್ಮಿ ಕೂರಿಸಿದವನು ನಾನು, ಹದಿಮೂರಕ್ಕೇ ಶಾಲೆ ಬಿಟ್ಟವನಿಗೆ ಅಳತೆ ಬರುವುದಿಲ್ಲ ಅಂತೀರಲ್ಲ, ಬಾಗಿಲುವಾಡದ ಕಂಬ ನೋಡಿ, ಕಂಬಕ್ಕೂ ಮೇಲಿನ ದಿಮ್ಮಿಗೂ ನಡುವೆ ಚಾಕುವಿನ ಅಲಗು ತೂರುವುದಿಲ್ಲ, ಕೂದಲು ತೂರುವುದಿಲ್ಲ, ಮೊನ್ನೆ ಸಂಜೆ ಅಕ್ಕನ್ನ ಕರೆದು ತೋರಿಸಿದ್ದೆ, ನೋಡು ಓಕ್ಸೆನ್ಯಾ, ಜನವರಿಯ ಗಾಳಿ ತಲೆ ಚಚ್ಚಿಕೊಂಡರೂ ಒಳಗೆ ಬರೋದಿಲ್ಲ, ಅವಳು ಕಂಬ ಸವರಿ, ಚೆನ್ನಾಗಿದೆ ಮೀಹ್ಕಲಿ, ಮಗು ಬೆಚ್ಚಗಿರತ್ತೆ ಅಂದಿದ್ದಳು. ಈಗ ಅವಳ ಮುಖ ನೋಡಲು ಧೈರ್ಯ ಇಲ್ಲ. ಯಾಕೆಂದರೆ ಮುದುಕ ಹೇಳಿದ್ದು ನಿಜ, ಹಸಿ ಮರ, ಒಳಗೆ ಬೆಂಕಿ ಹಾಕಿದರೆ ಒಣಗುತ್ತದೆ, ಒಣಗಿದರೆ ಸಣ್ಣಗಾಗುತ್ತದೆ, ದಿಮ್ಮಿ ದಿಮ್ಮಿಯೂ ಒಂದಿಷ್ಟು ಸಣ್ಣಗಾಗಿ ಇಡೀ ಗೋಡೆ ಕೆಳಗೆ ಕೂರುತ್ತದೆ, ಕಂಬ ಮಾತ್ರ ನೆಟ್ಟಗೆ ನಿಂತದ್ದು, ಅದು ಕೂರುವುದಿಲ್ಲ, ಗೋಡೆಯ ಭಾರವೆಲ್ಲ ಅದರ ತಲೆಯ ಮೇಲೆ, ಕಂಬ ಬಾಗುತ್ತದೆ, ಬಾಗಿಲನ್ನು ಕಚ್ಚಿ ಹಿಡಿಯುತ್ತದೆ, ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ, ಒಳಗೆ ನೋವು ತಿನ್ನುತ್ತ ಅಕ್ಕ, ಸೂಲಗಿತ್ತಿ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಾಳೆ — ಗೊತ್ತಿತ್ತು ನನಗೆ, ಇದು ಎಲ್ಲೋ ಗೊತ್ತಿತ್ತು, ಗೊತ್ತಿದ್ದೂ ಕೂದಲು ತೂರದ ಹಾಗೆ ಬಿಗಿದೆ.

ಏನೋ, ನಾಲಿಗೆ ಒಣಗಿಹೋಯ್ತಾ, ಅಂದ ವಿಲ್ಯಮಿ, ಗಡಿಯ ಕರೇಲಿಯಾದಿಂದ ಬಂದವರು ಮಾತಲ್ಲಿ ಸೋಲಲ್ಲ ಅಂತಾರಲ್ಲ, ಒಂದು ಹಾಡಾದ್ರೂ ಹಾಡು. ಸುಮ್ಮನಿರೋ ವಿಲ್ಯಮಿ, ಅಂದ ಮುದುಕ, ಆದರೆ ಪೈಪು ಕೆಳಗಿಳಿಸಲಿಲ್ಲ. ಮಾತು, ಹೌದು, ಒಂದು ಸಲ ಮಾತಾಡಿದ್ದೆ, ಮಾತಲ್ಲ, ಹಲಗೆಯಲ್ಲಿ, ಯುದ್ಧ ಶುರುವಾಗಿ ಗಡಿಯ ಹಳ್ಳಿ ಬಿಟ್ಟು ಬಂದ ವರ್ಷದ ಶಾಲೆ, ಒಲೆಯ ಹತ್ತಿರ ಕೂತ ಹುಡುಗ ತಿರುಗಿ, ರಶ್ಯದವನೇ, ನಿಮ್ಮಪ್ಪ ಎಡಗಡೆಯಿಂದ ಶಿಲುಬೆ ಗುರುತು ಹಾಕ್ಕೋತಾನಾ, ರಶ್ಯದವರ ಥರ ಬಲಗಡೆಯಿಂದಾ ಅಂದ, ಇಡೀ ತರಗತಿ ನಕ್ಕಿತು, ಕಲ್ಲು ಹಲಗೆ ಅವನ ಹಣೆಯ ಮೇಲೆ ಎರಡು ಚೂರಾಯಿತು, ಮೇಡಂ ಹೊರಗೆ ನಡಿ ಅಂದರು, ನಡೆದೆ, ಐದು ಮೈಲಿ ನಡೆದೆ, ಮತ್ತೆ ಹೋಗಲಿಲ್ಲ. ಆಗ ಹಲಗೆ, ಈಗ ಕೊಡಲಿ. ಮೇಲೆತ್ತಲು ಎಷ್ಟು ಹೊತ್ತು ಬೇಕು, ಒಂದು ಉಸಿರು ಸಾಕು, ಎತ್ತಿ ಆ ಪೈಪಿಗೆ, ಬರೀ ಪೈಪಿಗೆ, ಆಮೇಲೆ ಅಕ್ಕನಿಗೆ ಮಲಗಲು ಎಲ್ಲಿ ಜಾಗ, ಈಗ ಮಲಗುತ್ತಿರುವುದೇ ಈ ಮುದುಕನ ಹಿತ್ತಲ ಕೋಣೆಯಲ್ಲಿ, ಅವನ ಹೆಂಡತಿ ಬಾಗಿಲ ಹೊರಗೆ ನಿಂತು, ತಪ್ಪು ತಿಳೀಬೇಡಮ್ಮ ಓಕ್ಸೆನ್ಯಾ, ನಮ್ಮ ಸೌನಾದಲ್ಲಿ ಹೆರಿಗೆ ಬೇಡ, ನಿಮ್ಮ ಪದ್ಧತಿ ಬೇರೆ, ನಮ್ಮ ಅತ್ತೆ ತೀರಿಕೊಂಡಾಗ ತೊಳೆದದ್ದೂ ಅಲ್ಲೇ, ಏನಾದ್ರೂ ಹೆಚ್ಚುಕಡಿಮೆ ಆದ್ರೆ ಅಂದದ್ದನ್ನು ಗೋಡೆಯಾಚೆಯಿಂದ ಕೇಳಿದ್ದೆ. ಅಕ್ಕ ದೇವಮಾತೆಯ ಪಟವನ್ನು ಬಟ್ಟೆಯಲ್ಲಿ ಸುತ್ತಿ ದಿಂಬಿನ ಕೆಳಗೆ ಇಟ್ಟಳು. ಅವಳ ಗಂಡ ಉತ್ತರದಲ್ಲಿ ನೆಲಬಾಂಬು ತೆಗೆಯಲು ಹೋದವನು, ಯುದ್ಧ ಮುಗಿದಿತ್ತು, ಯುದ್ಧ ಮುಗಿದ ಮೇಲೆ ಸತ್ತ, ಅದನ್ನು ಯಾರಿಗೆ ಹೇಳುವುದು. ನಾವಿಬ್ಬರೂ ಹುಟ್ಟಿದ್ದು ಸೌನಾದಲ್ಲಿ, ಬಿಸಿ ಕಲ್ಲು, ಬರ್ಚ್ ಎಲೆಯ ವಾಸನೆ, ಅಮ್ಮ ಹೇಳುತ್ತಿದ್ದಳು, ನೀನು ಆವಿಯಲ್ಲೇ ಕಣ್ಣು ಬಿಟ್ಟೆ, ಅಳಲಿಲ್ಲ, ಸೀನಿದೆ. ಮುದುಕನ ಹೆಂಡತಿ ಹಾಗಂದ ದಿನವೇ ಅಕ್ಕನಿಗೆ ನಾನು ಅಂದೆ, ಮೊದಲ ಹಿಮ ಕೂರುವ ಮುಂಚೆ ನಿನಗೆ ನಾನೇ ಒಂದು ಸೌನಾ ಕಟ್ಟಿಕೊಡ್ತೀನಿ, ಚಳಿಗಾಲ ಅಲ್ಲೇ ಇರೋಣ, ಮನೆಗೆ ಅಂತ ಮಾರ್ಚಲ್ಲಿ ಕಡಿದ ಮರ ಇದಕ್ಕೇ ಆಗತ್ತೆ, ಮನೆ ಮುಂದಿನ ವರ್ಷ ನೋಡಿಕೊಂಡರಾಯಿತು. ಮಾರನೆಯ ಬೆಳಿಗ್ಗೆ ಹಿತ್ತಲ ಕೋಣೆಯ ಮುಂದೆ ಮುದುಕನ ಕುದುರೆ ಕಟ್ಟಿತ್ತು, ಎಳೆಯುವ ಪಟ್ಟಿ ಲಗಾಮು ಸಮೇತ, ಮುದುಕ ಕಾಣಲಿಲ್ಲ, ಆಳು ಬಂದು, ದಿಮ್ಮಿ ಎಳೆಯೋಕೆ ತಗೊಂಡು ಹೋಗಬೇಕಂತೆ, ಸಾಯಂಕಾಲ ನೀರು ಕುಡಿಸಬೇಕಂತೆ ಅಂದ, ಅಷ್ಟೇ, ಹೆಂಡತಿಯ ಮಾತಿನ ಬಗ್ಗೆ ಮುದುಕನಿಂದ ಒಂದಕ್ಷರ ಇಲ್ಲ, ನಾನು ಕುದುರೆಗೆ ನೀರು ಕುಡಿಸಿದೆ. ಬೇಸಿಗೆಯೆಲ್ಲ ಸೊಳ್ಳೆಯ ಮೋಡದೊಳಗೆ ನಿಂತು ಕಚ್ಚು ಕೊರೆಯುವಾಗ ದಾರಿಯಲ್ಲಿ ಹೋಗುತ್ತ ಮುದುಕ ನಿಲ್ಲುತ್ತಿದ್ದ, ಮರ ನಿಂದು, ಕುದುರೆ ನಂದು, ತಲೆ ಯಾರದ್ದೋ, ಅನ್ನುತ್ತಿದ್ದ, ನಾನು ತಿರುಗುತ್ತಿರಲಿಲ್ಲ. ಅಕ್ಕ ಜವುಗಿನಿಂದ ಗೋಣಿಗಟ್ಟಲೆ ಪಾಚಿ ತಂದು ಬಿಸಿಲಿಗೆ ಹರಡುತ್ತಿದ್ದಳು, ದಿಮ್ಮಿಗಳ ನಡುವೆ ಅದನ್ನು ಹಾಸುವಾಗ ಅಂಗೈಯಿಂದ ಒತ್ತಿ ಒತ್ತಿ, ತೊಟ್ಟಿಲಿಗೆ ಹಾಸುವ ಹಾಗೆ, ಹೊಟ್ಟೆ ದೊಡ್ಡದಾದಂತೆ ಬಗ್ಗಲು ಆಗದೆ ಮಂಡಿಯೂರಿ ಹಾಸಿದಳು. ಒಲೆಗೆ ಕಲ್ಲು ಆರಿಸಿದ್ದು ನಾನು, ಒಂದೊಂದನ್ನೂ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಕೆರೆಗೆ ಎಸೆದೆ, ಸಿಡಿದದ್ದು ಬೇಡ, ಸಿಡಿಯದೆ ಉಳಿದದ್ದೇ ಬೇಕು, ಕಲ್ಲಿಗೆ ಪರೀಕ್ಷೆ ಇಟ್ಟವನು ಬಾಗಿಲಿಗೆ ಯಾಕೆ ಇಡಲಿಲ್ಲ, ಬಾಗಿಲ ಮೇಲೆ ಒಂದು ಕೈ, ಮತ್ತೆ ಅದೇ ಕೈ, ಈ ಸಲ ಬೆರಳು ಕಾಣುತ್ತಿವೆ.

ಹಿಮವೋ, ಬೂದಿಯೋ, ಕೊಡಲಿಯ ಅಲಗಿನ ಮೇಲೆ ಒಂದು ಚೂರು ಬಿಳಿ ಕೂತಿತು, ಕರಗಿತು, ಹಿಮ, ಮೊದಲನೆಯದು. ಅವತ್ತು ಬಿದ್ದದ್ದು ಬೂದಿ. ಗಡಿಯ ಹಳ್ಳಿ, ಮುಂಜಾನೆ, ನಮ್ಮದೇ ಸಿಪಾಯಿಗಳು ಸೀಮೆಎಣ್ಣೆ ತಂದಿದ್ದರು, ಶತ್ರುವಿಗೆ ಒಂದು ಸೂರೂ ಸಿಗಬಾರದು ಅಂತ ಆಜ್ಞೆ, ಅಪ್ಪ ಅಂದ, ನನ್ನ ಮನೆಗೆ ನಾನೇ ಹಚ್ಚುತ್ತೇನೆ, ನೀವು ದೂರ ನಿಲ್ಲಿ. ಜಾರುಬಂಡಿಯ ಮೇಲೆ ಅಮ್ಮ, ಅಕ್ಕ, ಕಂಬಳಿ ಸುತ್ತಿದ ನಾನು, ಹಿಂದೆ ಕಟ್ಟಿದ ಹಸು ಮುಂದೆ ಬರಲೊಲ್ಲದು, ಗಡಿಯಾರ ಒಳಗೇ ಇದೆ, ತಾಮ್ರದ ಹಂಡೆ ಒಳಗೇ ಇದೆ, ಅಮ್ಮ ಕೂಗುತ್ತಿದ್ದಾಳೆ, ಹಂಡೆನಾದ್ರೂ ತಗೊಂಡು ಬಾ, ಅಪ್ಪ ಬಾಗಿಲಲ್ಲಿ ನಿಂತ, ಒಳಗೆ ಹೋಗಲಿಲ್ಲ, ಕೈ ಎತ್ತಿದ, ಬಾಗಿಲ ಮೇಲಿನ ಕಪ್ಪು ಸಂದಿಗೆ ನಾಲ್ಕು ಬೆರಳು ತೂರಿಸಿದ, ಗೆಣ್ಣಿನ ತನಕ, ಒಂದು ಹಿಡಿ ಪಾಚಿ ಕಿತ್ತು ಕೋಟಿನ ಜೇಬಿಗೆ ಹಾಕಿಕೊಂಡ. ಹಂಡೆ ಬಿಟ್ಟು ಪಾಚಿ. ನಾನು ನಾಚಿಕೊಂಡೆ, ಸಿಪಾಯಿಗಳು ನೋಡುತ್ತಿದ್ದಾರೆ, ನಮ್ಮಪ್ಪನಿಗೆ ತಲೆ ಕೆಟ್ಟಿದೆ ಅಂದುಕೊಂಡಾರು ಅಂತ ಮುಖ ತಿರುಗಿಸಿದೆ, ಆದರೂ ಕಂಡೆ, ಕಂಡದ್ದನ್ನು ಆರು ವರ್ಷ ಹೊತ್ತುಕೊಂಡು ಬಂದೆ, ಏನು ಕಂಡೆ ಅಂತ ಗೊತ್ತಾಗದೆ. ಆಮೇಲಿನ ಯುದ್ಧದಲ್ಲಿ ಅವನು ತೀರಿಹೋದ, ಕೋಟು ವಾಪಸ್ ಬಂತು, ಅಮ್ಮ ಜೇಬು ಕೊಡವಿದಳು, ಒಣಗಿದ ಪಾಚಿಯ ಪುಡಿ ನೆಲಕ್ಕೆ ಬಿತ್ತು, ಅವಳು ಅದನ್ನು ಗುಡಿಸಲಿಲ್ಲ. ಅದಕ್ಕೂ ಮುಂಚೆ, ಇನ್ನೂ ಮುಂಚೆ, ಹಟ್ಟಿ ಕಟ್ಟುತ್ತಿದ್ದ ಬೇಸಿಗೆ, ನನ್ನ ಕೈಯಲ್ಲಿ ಆಲೂಗಡ್ಡೆ ತುಂಬಿದ ರೈ ರೊಟ್ಟಿ, ಬೆಣ್ಣೆ ಮೊಣಕೈಗೆ ಇಳಿಯುತ್ತಿದೆ, ಮರದ ಮೇಲೊಂದು ಅಳಿಲು, ಅಪ್ಪ ಕಂಬದ ತಲೆಯ ಮೇಲೆ ಬೆರಳು ಅಡ್ಡಕ್ಕೆ ಇಟ್ಟು ಹೇಳುತ್ತಿದ್ದಾನೆ, ಮೀಹ್ಕಲಿ, ಇಲ್ನೋಡು, ಮನೆನೂ ಕೂತ್ಕೊಳ್ಳತ್ತೆ ಕಣೋ, ಅದಕ್ಕೂ ಸುಸ್ತಾಗತ್ತೆ, ಕೂರೋದಕ್ಕೆ ಜಾಗ ಬಿಡು, ನಾಲ್ಕು ಬೆರಳು, ಪಾಚಿ ತುಂಬು, ನೋಡಿದೆಯಾ — ನೋಡಿದೆ ಅಂದೆ, ಅಳಿಲು ನೋಡುತ್ತಿದ್ದೆ.

ಅಪ್ಪ ಇರಲಿಲ್ವೇನೋ. ಇದ್ದ, ಹೇಳಿಕೊಟ್ಟಿದ್ದ, ನಾನು ರೊಟ್ಟಿ ತಿನ್ನುತ್ತಿದ್ದೆ, ಇದನ್ನು ಇಷ್ಟು ಜನರ ಮುಂದೆ ಯಾವ ಬಾಯಲ್ಲಿ ಹೇಳಲಿ, ಹೇಳಿದರೆ ಸೋತವನು ನಾನಲ್ಲ, ಹೇಳಿಕೊಟ್ಟ ಅಪ್ಪ ಆಗುತ್ತಾನೆ, ಹೇಳದಿದ್ದರೆ ಅಪ್ಪನೇ ಇರಲಿಲ್ಲ ಅಂತಾಗುತ್ತದೆ. ಮೀಹ್ಕಲಿ, ಅಂದಳು ಅಕ್ಕ, ಬರೀ ಹೆಸರು. ಕೊಡಲಿ ಎತ್ತಿದೆ, ಆಳೊಬ್ಬ ಹಿಂದೆ ಸರಿದ, ಕಡಿಯುವ ಕೊರಡಿಗೆ ಹೊಡೆದು ನೆಟ್ಟೆ, ಹಿಡಿ ಅಂಗೈಯಿಂದ ಚರ್ ಅಂತ ಬಿಟ್ಟುಕೊಂಡಿತು. ಮುದುಕ ಪೈಪನ್ನು ಹಿಮ್ಮಡಿಗೆ ತಟ್ಟಿ ಬೂದಿ ಉದುರಿಸಿದ, ನನ್ನ ಕಡೆ ನೋಡದೆ, ಸಣ್ಣ ಗರಗಸ ಗಾಡೀಲಿದೆ, ದೊಡ್ಡದು ಅಲ್ಲಿ ಆಡೋದಿಲ್ಲ, ಅಂದ. ಗಾಡಿಯಲ್ಲಿ ಗೋಣಿ ಸುತ್ತಿದ ಗರಗಸ, ಬಿಚ್ಚಿದರೆ ಹಲ್ಲುಗಳು ಬೆಳ್ಳಗೆ, ಇವತ್ತು ಬೆಳಿಗ್ಗೆಯೇ ಅರ ಹಾಕಿದ್ದು, ಅಂದರೆ ಮೊದಲೇ ಕಂಡಿದ್ದ, ಹೋದ ವಾರ ದಾರಿಯಲ್ಲಿ ನಿಂತವನು ಏನೂ ಅನ್ನದೆ ಹೋದದ್ದು ಅದಕ್ಕೇ, ಕಂಡು, ಮನೆಗೆ ಹೋಗಿ, ಹಲ್ಲು ಮಸೆದು, ಗೋಣಿ ಸುತ್ತಿ, ಬೈಗುಳವನ್ನೂ ಅದರ ಜೊತೆಗೇ ಕಟ್ಟಿಕೊಂಡು ಬಂದಿದ್ದಾನೆ, ಎರಡನ್ನೂ ಒಟ್ಟಿಗೇ ಕೊಡುತ್ತಿದ್ದಾನೆ, ಒಂದು ತಗೊಂಡು ಇನ್ನೊಂದು ಬಿಡುವ ಹಾಗಿಲ್ಲ. ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ, ಕೊಯ್ಯಲು ಬೇಕಾಗುತ್ತದೆ. ಏನಾದ್ರೂ ಹೇಳೋ ಮಾರಾಯ, ಅಂದ ವಿಲ್ಯಮಿ, ನಾನು ಗರಗಸ ಹಿಡಿದು ಅವರೆಲ್ಲರನ್ನೂ ಹಿಂದೆ ಬಿಟ್ಟು ನಡೆದೆ, ಮುದುಕನ ಭುಜದ ಪಕ್ಕದಿಂದ, ಅಕ್ಕನ ಪಕ್ಕದಿಂದ, ಹಿಮ ಈಗ ದಟ್ಟವಾಗುತ್ತಿದೆ, ಕಾಲ ಕೆಳಗೆ ಮರದ ಸಿಪ್ಪೆ ಬೆಳ್ಳಗೆ ಮುಚ್ಚುತ್ತಿದೆ, ಬಾಗಿಲು, ಕಂಬ, ಕೈ ಎತ್ತಿದರೆ ಬೆರಳಿಗೆ ಸಂದಿ ಇಲ್ಲ, ಗಟ್ಟಿ ಮರ, ಕಂಬದ ತಲೆಗೆ ಬೆರಳುಗಳನ್ನು ಅಡ್ಡಕ್ಕೆ ಇಟ್ಟು ಕಿರುಬೆರಳಿನ ಕೆಳಗೆ ಉಗುರಿನಿಂದ ಗೀರಿದೆ, ಇಲ್ಲಿ, ಇಲ್ಲಿಂದ ಕೊಯ್ಯಬೇಕು, ಒಂದು, ಎರಡು, ಮೂರು, ನಾಲ್ಕು, ಅಪ್ಪನ ಬೆರಳು ಇದಕ್ಕಿಂತ ದಪ್ಪ, ಬಾಗಿಲ ಮೇಲಿನ ಕಪ್ಪು ಸಂದಿಯಲ್ಲಿ, ಗೆಣ್ಣಿನ ತನಕ, ನಾಲ್ಕು ಬೆರಳು