ಫ್ಯೂಸ್ ಮಾವ ಮೀಟರ್ ಹಾಕಿಸಿಕೊಂಡದ್ದು

ಆ ಬೀದಿಯಲ್ಲಿ ಯಾರ ಮನೆಯ ದೀಪ ಆರಿದರೂ ಕರೆ ಹೋಗುವುದು ಫ್ಯೂಸ್ ಮಾವನಿಗೆ. ವೈರಿಂಗ್ ಕೆಲಸದಲ್ಲೇ ತಲೆ ನರೆತವನು. ಬೇಗ ಬಿಸಿಯಾಗುತ್ತಾನೆ, ಅಷ್ಟೇ ಬೇಗ ತಣ್ಣಗಾಗುತ್ತಾನೆ, ಅದಕ್ಕೇ ಆ ಹೆಸರು ಎಂದು ಬೀದಿಯವರು ನಗುತ್ತಾರೆ. ಹೋದ ಮನೆಯಲ್ಲೆಲ್ಲ ಅವನದು ಒಂದೇ ಮಾತು: "ದೀಪ ಉರೀತಾ ಇದೆ ಅಂದ ಮಾತ್ರಕ್ಕೆ ಒಳಗಿನ ವೈರಿಂಗ್ ಸರಿ ಇದೆ ಅಂತಲ್ಲ. ಮೀಟರ್ ಹಾಕಿ ನೋಡ್ಬೇಕು."

ಇಂಥವನ ಮನೆಯಲ್ಲೇ ಈಗ ಒಂದು ತಲೆನೋವು. ಸೊಸೆ ಬಸುರಿ. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾಳೆ. ಕಬ್ಬಿಣದ ಟಾನಿಕ್ಕಿನ ಬಾಟಲಿಗಳು ಒಂದಾದ ಮೇಲೊಂದು ಖಾಲಿಯಾಗಿ ಕಿಟಕಿಯಲ್ಲಿ ಸಾಲುಗಟ್ಟಿದವು, ರಕ್ತ ಮಾತ್ರ ಏರಲಿಲ್ಲ. ಪಕ್ಕದ ಮನೆಯ ನರ್ಸಕ್ಕ ಅವಳನ್ನು ತಾನು ಕೆಲಸ ಮಾಡುವ ಆಸ್ಪತ್ರೆಗೆ ಕರೆದೊಯ್ದು ಬೇರೊಂದು ಪರೀಕ್ಷೆ ಮಾಡಿಸಿದಳು. ಒಂದು ಸಂಜೆ ಅದರ ಫಲಿತಾಂಶ ಹೇಳಲು ಬಂದಳು.

"ಇದು ಬರೀ ಕಬ್ಬಿಣದ ಕೊರತೆ ಅಲ್ಲ, ಮಾವ. ಇವಳು ಥಲಸ್ಸೇಮಿಯಾ ಅನ್ನೋ ರಕ್ತದ ಕಾಯಿಲೆಯ ಕ್ಯಾರಿಯರ್, ಅಂದ್ರೆ ಅದರ ಜೀನು ಹೊತ್ತವಳು ಅಷ್ಟೇ, ಕಾಯಿಲೆ ಇರೋಳಲ್ಲ. ರಕ್ತದ ಹಿಮೋಗ್ಲೋಬಿನ್ ಮಾಡೋ ಜೀನು ನಮಗೆಲ್ಲ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದಿರುತ್ತೆ. ಇವಳಲ್ಲಿ ಒಂದು ಕೆಟ್ಟಿದೆ, ಇನ್ನೊಂದು ಸರಿ ಇದೆ. ಆ ಒಂದರಲ್ಲೇ ಜನ ಆರಾಮಾಗಿ ಬಾಳ್ತಾರೆ. ಬಸುರೀಲಿ ಡಾಕ್ಟರ್ ಹೇಳಿದ ಹಾಗೆ ನೋಡ್ಕೊಂಡ್ರೆ ಆಯ್ತು."

"ಮತ್ತೆ ನಿನ್ನ ಮುಖ ಯಾಕೆ ಹಾಗಿದೆ?"

"ನಿಮ್ಮ ಮಗನ ರಕ್ತಾನೂ ನೋಡ್ಬೇಕು. ಅವನೂ ಕ್ಯಾರಿಯರ್ ಆಗಿದ್ರೆ, ಮಗುಗೆ ಎರಡೂ ಕೆಟ್ಟ ಜೀನೇ ಸಿಗೋ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗಾದ್ರೆ ತಿಂಗಳು ತಿಂಗಳು ಮಗುಗೆ ರಕ್ತ ಹಾಕಿಸ್ತಾ ಇರ್ಬೇಕಾಗುತ್ತೆ."

ಮಾವ ಬಿಸಿಯಾದ. "ನನ್ನ ಮಗ ಪಂಪಿನ ಮೋಟಾರು ಒಬ್ಬನೇ ಎತ್ತಿ ಹೆಗಲ ಮೇಲೆ ಇಟ್ಕೋತಾನೆ. ಅವನ ರಕ್ತಕ್ಕೇನು ಬಂದಿದೆ? ನಮ್ಮ ವಂಶದಲ್ಲಿ ಇದೆಲ್ಲ ಇಲ್ಲ. ಬಂದಿದ್ರೆ ಇವಳ ತವರಿಂದ ಬಂದಿರ್ಬೇಕು."

ಸೊಸೆ ತಲೆ ತಗ್ಗಿಸಿದಳು. ಮಾವ ಆಡಿದ ಮಾತನ್ನು ನುಂಗಲಾಗದೆ, ಇಕ್ಕಳ ಹುಡುಕುವ ನೆಪದಲ್ಲಿ ಸಾಮಾನಿನ ಚೀಲಕ್ಕೆ ಕೈಹಾಕಿ ಕೆದಕತೊಡಗಿದ. ನಿಜವಾಗಿ ಅವನಿಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಹುಟ್ಟಲಿರುವುದು ಅವನ ಮೊದಲ ಮೊಮ್ಮಗು.

"ಹುಟ್ಟಿದ ಮೇಲೆ ನೋಡಿದ್ರಾಯ್ತು ಬಿಡು. ಕಾಯಿಲೆ ಇದ್ರೆ ಮಗು ಮುಖದಲ್ಲೇ ಗೊತ್ತಾಗಲ್ವಾ?"

"ಗೊತ್ತಾಗಲ್ಲ ಮಾವ, ಅದೇ ಕಷ್ಟ. ಹುಟ್ಟಿದಾಗ ಆ ಮಗೂನೂ ಎಲ್ಲಾ ಮಕ್ಕಳ ಹಾಗೇ ಇರುತ್ತೆ. ಹೊಟ್ಟೆಯೊಳಗೆ ಮಗುವಿನ ಹಿಮೋಗ್ಲೋಬಿನ್ ಮಾಡೋದು ಬೇರೆ ಜೀನು. ಹುಟ್ಟಿ ಕೆಲವು ತಿಂಗಳೊಳಗೆ ದೇಹ ಅದನ್ನ ತಾನಾಗೇ ಆರಿಸಿ, ದೊಡ್ಡವರ ಜೀನಿಗೆ ಕೆಲಸ ಒಪ್ಪಿಸುತ್ತೆ. ಅದು ಕೆಟ್ಟಿದ್ರೆ ಆಗ ಮಗು ಬಿಳಿಚಿಕೊಳ್ಳುತ್ತೆ."

ಚೀಲದಲ್ಲಿದ್ದ ಮಾವನ ಕೈ ಅಲ್ಲೇ ನಿಂತಿತು. "ಅಂದ್ರೆ ಚೇಂಜ್‌ಓವರ್ ಸ್ವಿಚ್ಚು. ಜನರೇಟರ್ ಮೇಲೆ ಇರೋವರೆಗೂ ಮನೆ ಜಗಜಗ ಅಂತಿರುತ್ತೆ. ಲೈನಿಗೆ ತಿರುಗಿಸಿದಾಗ ತಾನೇ ಲೈನ್ ಸತ್ತಿರೋದು ಗೊತ್ತಾಗೋದು."

"ನೀವು ಹೀಗೆ ಹೇಳಿದ್ದು ಕೇಳಿ ಹಾಲು ಕುಡಿದಷ್ಟು ಸಂತೋಷ ಆಯ್ತು ನೋಡಿ."

"ಹಾಗಿದ್ರೆ ಆ ಜನರೇಟರನ್ನ ಆರೋಕೇ ಬಿಡಬಾರದು."

ನರ್ಸಕ್ಕ ನಕ್ಕಳು. "ವಿಜ್ಞಾನಿಗಳಿಗೂ ಅದೇ ಹೊಳೆದಿದ್ದು. ಅದನ್ನ ಆರಿಸೋ ಸ್ವಿಚ್ಚು ಯಾವ ಜೀನು ಅಂತ ಹುಡುಕಿದ್ರು. ರೋಗಿಯ ಮೂಳೆಮಜ್ಜೆಯ ಜೀವಕೋಶ ತೆಗೆದು, ಆ ಸ್ವಿಚ್ಚು ಕೆಲಸ ಮಾಡದ ಹಾಗೆ ತಿದ್ದಿ, ವಾಪಸ್ ದೇಹಕ್ಕೆ ಹಾಕ್ತಾರೆ. ಮಲಗಿದ್ದ ಹಳೇ ಜೀನು ಎದ್ದು ಕೂರುತ್ತೆ. ಹಾಗೆ ರಕ್ತ ಹಾಕಿಸ್ಕೊಳ್ಳೋದು ನಿಂತೋರೂ ಇದಾರೆ. ಆದ್ರೆ ಅದು ಭಾರೀ ಚಿಕಿತ್ಸೆ, ಇನ್ನೂ ಎಲ್ಲರ ಕೈಗೆ ಎಟುಕಿಲ್ಲ. ನಾನು ಕೇಳ್ತಿರೋದು ಒಂದು ಸೂಜಿ ಚುಚ್ಚಿಸ್ಕೊಳ್ಳಿ ಅಂತ ಅಷ್ಟೇ. ಮೀಟರ್ ಹಾಕಿ ನೋಡಿ ಅಂತ ಊರಿಗೆಲ್ಲ ಹೇಳೋರು ನೀವಲ್ವಾ?"

ಮಾವನಿಗೆ ಕೊನೆಗೂ ಇಕ್ಕಳ ಸಿಕ್ಕಿತು. ಅದನ್ನು ಬದಿಗಿಟ್ಟು, "ನಾಳೆ ಎಷ್ಟು ಹೊತ್ತಿಗೆ ಬರ್ಬೇಕು?" ಎಂದ.

ಮರುದಿನ ಅಪ್ಪ, ಮಗ ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಎಂಥ ಕಂಬವನ್ನಾದರೂ ಸರಸರನೆ ಹತ್ತುವ ಮಗ ಸೂಜಿ ಕಂಡು ಬೆವೆತುಹೋದ. ಅವರ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಗೊತ್ತಿಲ್ಲದ ಲೈನಿಗೆ ಟೆಸ್ಟರ್ ಇಡುವ ಮೊದಲ ಕೈ ಹಿರಿಯನದು, ಆಮೇಲೆ ಉಳಿದವರು.

"ಏಳೋ, ಮೊದಲ ಕೈ ನಂದು" ಎಂದು ಮಾವ ಮಗನನ್ನು ಎಬ್ಬಿಸಿ ಕುರ್ಚಿಯಲ್ಲಿ ತಾನು ಕೂತು ತೋಳು ಚಾಚಿದ. ಅಪ್ಪನ ಮುಂದೆ ಮಾನ ಕಳೆದುಕೊಳ್ಳಲಾಗದೆ ಮಗನೂ ಕಣ್ಣುಮುಚ್ಚಿ ಚುಚ್ಚಿಸಿಕೊಂಡ.

ಫಲಿತಾಂಶ ಬಂದ ದಿನ ನರ್ಸಕ್ಕ ಗೇಟಿನಿಂದಲೇ ನಗುತ್ತಾ ಬಂದಳು.

"ನಿಮ್ಮ ಮಗನ ಎರಡೂ ಜೀನು ಸರಿ ಇದೆ. ಮಗು ತಾಯಿ ಹಾಗೆ ಕ್ಯಾರಿಯರ್ ಆಗ್ಬಹುದು, ಆದ್ರೆ ಆ ದೊಡ್ಡ ಕಾಯಿಲೆ ಬರಲ್ಲ."

ಸೊಸೆ ಅಳುತ್ತಲೇ ನಕ್ಕಳು. ಗಂಡ ಅವಳ ಕೈ ಹಿಡಿದುಕೊಂಡ. ಮಾವ, "ಮತ್ತೆ ನಂದು?" ಎಂದ.

"ನೀವು ಕ್ಯಾರಿಯರ್, ಮಾವ. ಥೇಟ್ ಸೊಸೆ ಹಾಗೇ. ಮಗನಿಗೆ ನಿಮ್ಮಿಂದ ಸರಿ ಇರೋದೇ ಹೋಗಿದೆ."

ಮಾವ ಕಣ್ಣು ಬಿಟ್ಟುಕೊಂಡು ನಿಂತ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟು ವರ್ಷ ಕಂಬ ಹತ್ತಿ ಇಳಿದೆನಲ್ಲ, ಒಂದ್ಸಲಾನೂ ದೀಪ ಮಿಣುಕಲಿಲ್ಲ." ಸೊಸೆಯ ಕಡೆ ತಿರುಗಿದಾಗ ಅವನ ದನಿ ತಗ್ಗಿತು. "ತವರಿಂದ ಬಂತು ಅಂದುಬಿಟ್ಟೆ. ನೀನು ಬರೋಕೆ ಮುಂಚೇನೇ ಈ ಮನೇಲಿ ಅದನ್ನ ಇಟ್ಕೊಂಡಿದ್ದೋನು ನಾನು. ತಪ್ಪಾಯ್ತಮ್ಮ."

"ಇರಲಿ ಬಿಡಿ ಮಾವ. ಈ ಮನೇಲಿ ನನಗೂ ಒಬ್ಬರು ಜೊತೆ ಸಿಕ್ಕಿದ್ರಲ್ಲ" ಎಂದಳು ಸೊಸೆ.

ಮಾವ ತಡಮಾಡದೆ ಫೋನು ಹಿಡಿದ. ಬೇರೆ ಊರಿನಲ್ಲಿ ಹೊಸದಾಗಿ ಮದುವೆಯಾದ ಮಗಳಿದ್ದಳು. "ನನ್ನ ಮೂಗಿನ ಜೊತೆ ಇದೂ ನಿಂಗೆ ಬಂದಿರ್ಬಹುದು ಕಣೇ. ನೀನೂ ಅಳಿಯಂದ್ರೂ ರಕ್ತ ಪರೀಕ್ಷೆ ಮಾಡಿಸಿ. ಹೆದರ್ಕೋಬೇಡ, ನಿಮ್ಮಪ್ಪ ಕಲ್ಲುಗುಂಡಿನ ಹಾಗಿದ್ದಾನೆ."

ಈಗ ಆ ಮನೆಯಲ್ಲಿ ಒಂದು ಹೆಣ್ಣುಮಗು ಇಡೀ ಬೀದಿಗೆ ಕೇಳುವಂತೆ ಅಳುತ್ತದೆ. ಮೂಗು ಅಜ್ಜನದೇ. ಅಜ್ಜ ಯಾರ ಮನೆಗೆ ಫ್ಯೂಸ್ ಹಾಕಲು ಹೋದರೂ ಏಣಿಯ ಮೇಲಿನಿಂದಲೇ, "ನಿಮ್ಮದು ನೋಡಿಸಿದೀರಾ?" ಎಂದು ಕೇಳಿಯೇ ಇಳಿಯುತ್ತಾನೆ.

ನೀವು ನೋಡಿಸಿದ್ದೀರಾ? ಮದುವೆಯ ಮಾತು ನಡೆದಿದ್ದರೆ, ಮಗು ಬೇಕೆಂದುಕೊಂಡಿದ್ದರೆ, ಹತ್ತಿರದ ಆಸ್ಪತ್ರೆಯಲ್ಲಿ ಥಲಸ್ಸೇಮಿಯಾ ಪರೀಕ್ಷೆಯ ಬಗ್ಗೆ ಕೇಳಿ. ಬಸುರಿಯಾಗಿದ್ದರೆ ಮೊದಲ ತಿಂಗಳುಗಳಲ್ಲೇ ಕೇಳಿ. ಟಾನಿಕ್ ಕುಡಿದರೂ ರಕ್ತ ಏರದಿದ್ದರೆ, ಇನ್ನೊಂದು ಬಾಟಲಿ ಕೊಳ್ಳುವ ಮುಂಚೆ ವೈದ್ಯರನ್ನು ಕಾಣಿ. ಕ್ಯಾರಿಯರ್ ಆಗಿರುವುದು ಕಾಯಿಲೆಯಲ್ಲ, ಯಾರ ತಪ್ಪೂ ಅಲ್ಲ. ಗಂಡ ಹೆಂಡತಿ ಇಬ್ಬರೂ ಕ್ಯಾರಿಯರ್ ಎಂದು ತಿಳಿದರೂ ಕೈಚೆಲ್ಲಬೇಡಿ, ಮುಂದೇನು ಮಾಡಬಹುದೆಂದು ವೈದ್ಯರು ವಿವರಿಸುತ್ತಾರೆ. ಮನೆಯಲ್ಲಿ ಯಾರಾದರೂ ಹಿಂಜರಿದರೆ, ಅವರ ಪಕ್ಕದಲ್ಲಿ ಕೂತು ತೋಳು ಚಾಚಿ. ಮೊದಲ ಕೈ ನಿಮ್ಮದಾಗಲಿ.